ಸೆಟ್ಟಿಂಗುಗಳ ಹೊಣೆ: ಯಂತ್ರಕಲಿಕೆಯ ಕೋಡಿನಲ್ಲಿ ಕಾನ್ಫಿಗರೇಶನ್



2018ರ ಕೊನೆಯಲ್ಲಿ ಗೂಗಲ್ ಸಂಸ್ಥೆ ಬರ್ಟ್ ಎಂಬ ಭಾಷಾ ಮಾದರಿಯ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಆ ಕೋಡಿನಲ್ಲಿ ‘ಡು ಲೋವರ್ ಕೇಸ್’ ಎಂಬ ಒಂದು ಸೆಟ್ಟಿಂಗ್ ಇದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನೆಲ್ಲ ಸಣ್ಣಕ್ಷರ ಮಾಡಬೇಕೆ, ಬೇಡವೆ ಎಂಬುದಷ್ಟೇ ಅದರ ಹೆಸರಿನಿಂದ ತಿಳಿಯುವ ಕೆಲಸ. ಬಳಸುವವರು ಏನೂ ಹೇಳದಿದ್ದರೆ ಅದರ ಬೆಲೆ ‘ಹೌದು’. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದಿರುವಾಗ ನಮಗೂ ಇದಕ್ಕೂ ಸಂಬಂಧವಿಲ್ಲವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ಸೆಟ್ಟಿಂಗ್ ‘ಹೌದು’ ಆಗಿರುವಾಗ ಕೋಡು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಲ್ಲಿ ಅಕ್ಷರದ ಮೇಲೆ ಕೂರುವ ಸ್ವರಭಾರದ ಗುರುತುಗಳನ್ನು ತೆಗೆದುಹಾಕಲೆಂದು, ಯೂನಿಕೋಡ್‌ನಲ್ಲಿ ‘ಜಾಗ ಹಿಡಿಯದ ಗುರುತು’ ಎಂಬ ವರ್ಗಕ್ಕೆ ಸೇರಿದ ಎಲ್ಲವನ್ನೂ ಅಳಿಸುತ್ತದೆ. ಕನ್ನಡದ ಇಕಾರದ ಗುಣಿತ ಚಿಹ್ನೆ, ಎಕಾರದ ಚಿಹ್ನೆ, ಒತ್ತಕ್ಷರ ಮೂಡಲು ಬೇಕಾದ ವಿರಾಮ ಚಿಹ್ನೆ, ಈ ಮೂರೂ ಅದೇ ವರ್ಗದಲ್ಲಿವೆ. ಹೀಗಾಗಿ ಕೆರೆ, ಕರೆ, ಕರಿ, ಕಿರಿ ಎಂಬ ನಾಲ್ಕು ಪದಗಳೂ ಮಾದರಿಯನ್ನು ತಲುಪುವ ಹೊತ್ತಿಗೆ ಬರೀ ‘ಕರ’ ಆಗಿರುತ್ತವೆ. ‘ಕನ್ನಡ’ ಎಂಬ ಪದವೇ ‘ಕನನಡ’ ಆಗುತ್ತದೆ.

ಇಷ್ಟು ನಡೆದರೂ ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷಸೂಚನೆ ಬರುವುದಿಲ್ಲ. ತರಬೇತಿ ಸಾಗುತ್ತದೆ, ಕೊನೆಯಲ್ಲಿ ನಿಖರತೆಯ ಒಂದು ಅಂಕಿ ಪರದೆಯ ಮೇಲೆ ಮೂಡುತ್ತದೆ. ಆ ಅಂಕಿ ಇರಬೇಕಾದುದಕ್ಕಿಂತ ಕಡಿಮೆಯಿದೆ ಎಂದು ತಿಳಿಯಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಅಂಕಿ ಬೇಕು. ಕನ್ನಡದಂಥ ಭಾಷೆಗಳಿಗೆ ಅದು ಎಷ್ಟೋ ಸಲ ಇರುವುದೇ ಇಲ್ಲ. ಕನ್ನಡಕ್ಕೆ ಈ ಮಾದರಿ ಒಗ್ಗದು ಎಂದೋ, ಕನ್ನಡದ ಪಠ್ಯ ಸಾಲದಾಯಿತು ಎಂದೋ ತೀರ್ಮಾನಿಸಿ ಕಡತ ಮುಚ್ಚುವುದು ಬಹಳ ಸುಲಭ. ಮಾದರಿ ಮಾಡಿದವರಿಗೆ ಈ ತೊಡಕು ಗೊತ್ತಿತ್ತು. ಲ್ಯಾಟಿನ್ ಅಲ್ಲದ ಲಿಪಿಗಳಿಗೆ ಅಕ್ಷರಭೇದ ಉಳಿಸಿಕೊಂಡ ಹೊಸ ಬಹುಭಾಷಾ ಮಾದರಿಯನ್ನು ಬಳಸಿ, ಬಳಸುವಾಗ ಈ ಸೆಟ್ಟಿಂಗನ್ನು ‘ಇಲ್ಲ’ ಎಂದು ಬದಲಿಸಿ ಎಂದು ಕೋಡಿನ ಜೊತೆಗಿನ ಟಿಪ್ಪಣಿಯಲ್ಲಿ ಅವರೇ ಬರೆದಿದ್ದರು. ಆದರೆ ಸೂಚನೆ ಇದ್ದದ್ದು ಟಿಪ್ಪಣಿಯಲ್ಲಿ, ‘ಹೌದು’ ಇದ್ದದ್ದು ಕೋಡಿನಲ್ಲಿ. ಓಡುವುದು ಕೋಡು.

ನಾನು ಈ ಉಪನ್ಯಾಸದಲ್ಲಿ ವಾದಿಸಹೊರಟಿರುವುದು ಇದನ್ನು: ಯಂತ್ರಕಲಿಕೆಯಲ್ಲಿ ಸೆಟ್ಟಿಂಗುಗಳು ಫಲಿತಾಂಶದ ಪಕ್ಕದಲ್ಲಿ ಬಿದ್ದಿರುವ ಸಣ್ಣ ವಿವರಗಳಲ್ಲ, ಫಲಿತಾಂಶದ ಹೇಳಿಕೆಯ ಒಳಗಿನ ಭಾಗಗಳು. ಪ್ರತಿ ಸೆಟ್ಟಿಂಗೂ ಯಾರೋ ಮಾಡಿದ ಒಂದು ತೀರ್ಮಾನ. ಆ ತೀರ್ಮಾನಗಳನ್ನು ಒಂದೆಡೆ, ಪೂರ್ಣವಾಗಿ, ಪರೀಕ್ಷಿಸಲು ಬರುವಂತೆ ಬರೆದಿಡದ ಫಲಿತಾಂಶವನ್ನು ಫಲಿತಾಂಶವೆಂದು ಒಪ್ಪಿಕೊಳ್ಳಬಾರದು. ಇಲ್ಲಿ ಎರಡು ಬಗೆಯ ಸಂಖ್ಯೆಗಳನ್ನು ಬೇರೆಮಾಡಿ ನೋಡಬೇಕು. ದತ್ತಾಂಶವನ್ನು ನೋಡಿ ಯಂತ್ರವೇ ಕಲಿತುಕೊಳ್ಳುವ ಸಂಖ್ಯೆಗಳು, ಅಂದರೆ ಪ್ಯಾರಾಮೀಟರುಗಳು, ಒಂದು ಬಗೆ; ಅವು ಕೋಟಿಗಟ್ಟಲೆ ಇರುತ್ತವೆ, ಅವನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಕಲಿಕೆ ಶುರುವಾಗುವ ಮೊದಲೇ ಮನುಷ್ಯರು ನಿಗದಿಪಡಿಸುವವು ಇನ್ನೊಂದು ಬಗೆ: ಒಂದೊಂದು ಹೆಜ್ಜೆಯ ಅಳತೆಯಾದ ಲರ್ನಿಂಗ್ ರೇಟ್, ಒಮ್ಮೆಗೆ ಎಷ್ಟು ಉದಾಹರಣೆಗಳನ್ನು ತೋರಿಸಬೇಕೆಂಬ ಬ್ಯಾಚ್ ಗಾತ್ರ, ಯಾದೃಚ್ಛಿಕತೆಯನ್ನು ಆರಂಭಿಸುವ ಸೀಡ್, ಪಠ್ಯವನ್ನು ಶುಚಿಗೊಳಿಸುವ ನಿಯಮಗಳು, ಯಾವ ದತ್ತಾಂಶದಿಂದ ಎಷ್ಟು ಪಾಲು ಎಂಬ ಲೆಕ್ಕ. ಗೂಗಲ್‌ನ ಡಿ. ಸ್ಕಲ್ಲಿ ಮತ್ತು ಸಂಗಡಿಗರು 2015ರಲ್ಲಿ ಯಂತ್ರಕಲಿಕೆಯ ವ್ಯವಸ್ಥೆಗಳಲ್ಲಿ ಕಾಣದಂತೆ ಬೆಳೆಯುವ ತಾಂತ್ರಿಕ ಸಾಲದ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಈ ಎರಡನೆಯ ಬಗೆಗೆ ಒಂದು ಭಾಗವನ್ನೇ ಮೀಸಲಿಟ್ಟರು. ಬೆಳೆದು ಬಲಿತ ವ್ಯವಸ್ಥೆಯಲ್ಲಿ ಕಾನ್ಫಿಗರೇಶನ್ನಿನ ಸಾಲುಗಳು ಕೋಡಿನ ಸಾಲುಗಳನ್ನು ಮೀರಬಹುದು. ಹಾಗಿದ್ದೂ ಕೋಡಿಗೆ ಸಿಗುವ ಪರಿಶೀಲನೆ ಅವಕ್ಕೆ ಸಿಗುವುದಿಲ್ಲ ಎಂಬುದು ಅವರ ದೂರು. ಹತ್ತು ವರ್ಷ ಕಳೆದ ಮೇಲೂ ಆ ದೂರು ಹಳತಾಗಿಲ್ಲ ಎಂದೇ ನನ್ನ ಎಣಿಕೆ.

ಸೆಟ್ಟಿಂಗುಗಳ ತೂಕ ಎಷ್ಟೆಂದು ತಿಳಿಯಲು ಈ ಕ್ಷೇತ್ರ ತನ್ನನ್ನು ತಾನೇ ತಿದ್ದಿಕೊಂಡ ಸಂದರ್ಭಗಳನ್ನು ನೋಡಬೇಕು. ಗಬೋರ್ ಮೆಲಿಸ್, ಕ್ರಿಸ್ ಡೈಯರ್ ಮತ್ತು ಫಿಲ್ ಬ್ಲನ್ಸಮ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1997ರಷ್ಟು ಹಳೆಯದಾದ ಎಲ್‌ಎಸ್‌ಟಿಎಂ ನರಜಾಲ ರಚನೆಯನ್ನೇ ಎತ್ತಿಕೊಂಡು, ಅದರ ಸೆಟ್ಟಿಂಗುಗಳನ್ನು ಸ್ವಯಂಚಾಲಿತ ಹುಡುಕಾಟದಿಂದ ಜೋಪಾನವಾಗಿ ಹೊಂದಿಸಿದರು. ಆಗ ಅದು, ತನ್ನನ್ನು ಹಿಂದಿಕ್ಕಿದವೆಂದು ಹೇಳಿಕೊಂಡಿದ್ದ ಹೊಸ ರಚನೆಗಳನ್ನು ಹಿಂದಿಕ್ಕಿತು. ಅದೇ ವರ್ಷ ಚಿತ್ರ ಸೃಷ್ಟಿಸುವ ಗ್ಯಾನ್ ಮಾದರಿಗಳ ಒಂದು ದೊಡ್ಡ ಹೋಲಿಕೆ ನಡೆಯಿತು. ಸಾಕಷ್ಟು ಗಣನಶಕ್ತಿ ಕೊಟ್ಟು ಸೆಟ್ಟಿಂಗುಗಳನ್ನು ಹುಡುಕಿದರೆ ಬಹುತೇಕ ಮಾದರಿಗಳು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ ಎಂದು ಅದು ತೋರಿಸಿತು. 2019ರಲ್ಲಿ ರಾಬರ್ಟಾ ಎಂಬ ಮಾದರಿಯ ತಂಡದವರು ಬರ್ಟ್‌ನ ರಚನೆಯನ್ನು ಮುಟ್ಟದೆ ಬ್ಯಾಚ್ ಗಾತ್ರವನ್ನು 256ರಿಂದ ಸುಮಾರು 8,000ಕ್ಕೆ ಏರಿಸಿ, ಒಂದು ತರಬೇತಿ ಗುರಿಯನ್ನು ಕೈಬಿಟ್ಟು, ಇನ್ನಷ್ಟು ಹೊತ್ತು ತರಬೇತಿ ಕೊಟ್ಟರು. ಮೂಲ ಬರ್ಟ್‌ಗೆ ಸಿಕ್ಕ ತರಬೇತಿ ಸಾಲದಾಗಿತ್ತು ಎಂಬುದು ಅವರ ಕಂಡುಕೊಳ್ಳಿಕೆ. ಅವರು ದತ್ತಾಂಶವನ್ನೂ ಹಿಗ್ಗಿಸಿದ್ದರು ನಿಜ, ಆದರೆ ಅದನ್ನು ಹಿಗ್ಗಿಸದೆ ಮಾಡಿದ ಹೋಲಿಕೆಯಲ್ಲೂ ಸುಧಾರಣೆ ಕಂಡಿತು. 2020ರಲ್ಲಿ ಲೋಗನ್ ಎಂಗ್‌ಸ್ಟ್ರಮ್ ಮತ್ತು ಸಂಗಡಿಗರು ಪ್ರತಿಫಲ ನೋಡಿ ಕಲಿಯುವ ಪಿಪಿಒ ಎಂಬ ಪ್ರಸಿದ್ಧ ವಿಧಾನ ತನಗಿಂತ ಹಿಂದಿನ ಟಿಆರ್‌ಪಿಒಗಿಂತ ಏಕೆ ಮೇಲೆಂದು ಬಿಡಿಸಿ ನೋಡಿದರು. ಮೇಲುಗೈಯ ಬಹುಪಾಲು ಬಂದದ್ದು ಪಿಪಿಒ ಪ್ರಬಂಧ ಮುಂದಿಟ್ಟ ಮುಖ್ಯ ವಿಚಾರದಿಂದಲ್ಲ, ಕೋಡಿನೊಳಗೆ ಸೇರಿಕೊಂಡಿದ್ದ ಸಣ್ಣಪುಟ್ಟ ಆಯ್ಕೆಗಳಿಂದ. ಇವೆಲ್ಲದರಲ್ಲೂ ಒಂದೇ ಕಥೆ ಇದೆ: ಶೀರ್ಷಿಕೆಯಲ್ಲಿದ್ದ ವಿಚಾರಕ್ಕೆ ಸಂದ ಕೀರ್ತಿಯಲ್ಲಿ ದೊಡ್ಡ ಪಾಲು ಸೆಟ್ಟಿಂಗುಗಳಿಗೆ ಸಲ್ಲಬೇಕಾಗಿತ್ತು.

ಇನ್ನೂ ದುಬಾರಿಯಾದ ಉದಾಹರಣೆ ಭಾರೀ ಭಾಷಾ ಮಾದರಿಗಳದು. ಕೈಯಲ್ಲಿರುವ ಗಣನಶಕ್ತಿ ಹತ್ತು ಪಟ್ಟಾದರೆ ಅದನ್ನು ಮಾದರಿಯ ಗಾತ್ರಕ್ಕೂ ತರಬೇತಿಯ ಪಠ್ಯಕ್ಕೂ ಹೇಗೆ ಹಂಚಬೇಕು? ಓಪನ್‌ಎಐ ಸಂಶೋಧಕರು 2020ರಲ್ಲಿ ಕೊಟ್ಟ ಸೂತ್ರದಂತೆ ಗಾತ್ರವನ್ನು ಸುಮಾರು 5.5 ಪಟ್ಟು, ಪಠ್ಯವನ್ನು 1.8 ಪಟ್ಟು ಹೆಚ್ಚಿಸಬೇಕಿತ್ತು. ಆ ಕಾಲದ ದೊಡ್ಡ ಮಾದರಿಗಳು ಗಾತ್ರದತ್ತ ವಾಲಿದ್ದು ಈ ಬಗೆಯ ಲೆಕ್ಕದ ನೆರಳಿನಲ್ಲೇ. 2022ರಲ್ಲಿ ಡೀಪ್‌ಮೈಂಡ್ ತಂಡ ಎರಡನ್ನೂ ಸಮನಾಗಿ ಹೆಚ್ಚಿಸಬೇಕೆಂದಿತು. 28,000 ಕೋಟಿ ಪ್ಯಾರಾಮೀಟರುಗಳ ತಮ್ಮದೇ ಗೋಫರ್‌ಗೆ ತಗಲಿದಷ್ಟೇ ಗಣನಶಕ್ತಿಯಲ್ಲಿ, 7,000 ಕೋಟಿ ಪ್ಯಾರಾಮೀಟರುಗಳ ಚಿಂಚಿಲಾವನ್ನು ನಾಲ್ಕು ಪಟ್ಟಿಗೂ ಹೆಚ್ಚು ಪಠ್ಯದ ಮೇಲೆ ತರಬೇತುಗೊಳಿಸಿ ಗೋಫರನ್ನು ಮೀರಿಸಿತು. ಹಿಂದಿನವರು ಎಲ್ಲ ಮಾದರಿಗಳಿಗೂ ಲರ್ನಿಂಗ್ ರೇಟ್ ಇಳಿಸುವ ಒಂದೇ ವೇಳಾಪಟ್ಟಿಯನ್ನು ಬಳಸಿದ್ದು ವ್ಯತ್ಯಾಸಕ್ಕೆ ಕಾರಣವಿರಬೇಕು ಎಂದು ಆ ತಂಡ ಬೊಟ್ಟುಮಾಡಿತು. ವಿಷಯ ಅಲ್ಲಿಗೂ ಮುಗಿಯಲಿಲ್ಲ. 2024ರಲ್ಲಿ ತೋಮರ್ ಪೋರಿಯನ್ ಮತ್ತು ಸಂಗಡಿಗರು ಎರಡೂ ಪ್ರಯೋಗಗಳ ನಡುವಿನ ಅಂತರವನ್ನು ಒಂದೊಂದೇ ಸೆಟ್ಟಿಂಗ್ ಬದಲಿಸುತ್ತ ಅಳೆದರು. ಕೊನೆಯ ಪದರದ ಗಣನೆಯನ್ನು ಲೆಕ್ಕಕ್ಕೆ ಸೇರಿಸಿದರೋ ಇಲ್ಲವೋ ಎಂಬುದು, ಆರಂಭದಲ್ಲಿ ಲರ್ನಿಂಗ್ ರೇಟನ್ನು ನಿಧಾನವಾಗಿ ಏರಿಸುವ ಅವಧಿ, ಗಾತ್ರಕ್ಕೆ ತಕ್ಕಂತೆ, ಕಲಿಕೆಯ ಹೆಜ್ಜೆಗಳನ್ನು ನಡೆಸುವ ಆಪ್ಟಿಮೈಸರ್‌ನ ಹೊಂದಾಣಿಕೆ, ಇವು ನಿಜವಾದ ಕಾರಣಗಳೆಂದು ಕಂಡರು. ಡೀಪ್‌ಮೈಂಡ್ ಶಂಕಿಸಿದ್ದ ವೇಳಾಪಟ್ಟಿಗೆ ಅಷ್ಟು ಪಾತ್ರವಿರಲಿಲ್ಲ. ತರಬೇತಿಯ ನಿಯಮವೆಂದೇ ಜಗತ್ತು ನಂಬಿದ್ದ ಸೂತ್ರದೊಳಗೆ ಒಂದು ಏರಿಕೆಯ ಅವಧಿ ಅಡಗಿ ಕುಳಿತಿತ್ತು. ನಾಲ್ಕು ವರ್ಷಗಳ ಆಮೇಲಾದರೂ ಅದನ್ನು ಬಿಡಿಸಲು ಸಾಧ್ಯವಾದದ್ದು ಹಿಂದಿನವರು ತಮ್ಮ ಸೆಟ್ಟಿಂಗುಗಳನ್ನು ತಕ್ಕಮಟ್ಟಿಗೆ ಬರೆದಿಟ್ಟಿದ್ದರಿಂದ ಎಂಬುದನ್ನು ನಾನು ಒತ್ತಿ ಹೇಳಬೇಕು.

ಬರೆದ ಬೆಲೆಗಳ ಮಾತು ಇಷ್ಟಾಯಿತು. ಯಾರೂ ಬರೆಯದ ಬೆಲೆಗಳು, ಅಂದರೆ ಡಿಫಾಲ್ಟುಗಳು, ಇದಕ್ಕಿಂತ ಅಪಾಯಕಾರಿ. ತಜ್ಞರೇ ಆರಿಸಿಟ್ಟ ಡಿಫಾಲ್ಟನ್ನು ನಂಬಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪು ನಂಬುವುದರಲ್ಲಿಲ್ಲ, ಅದನ್ನು ದಾಖಲಿಸದಿರುವುದರಲ್ಲಿದೆ. ಏಕೆಂದರೆ ಡಿಫಾಲ್ಟು ಊರೂರಿಗೆ ಬೇರೆ, ಕಾಲಕಾಲಕ್ಕೆ ಬೇರೆ. ಸೈಕಿಟ್-ಲರ್ನ್ ಗ್ರಂಥಾಲಯದ ರ‍್ಯಾಂಡಮ್ ಫಾರೆಸ್ಟ್ ವಿಧಾನದಲ್ಲಿ ಮರಗಳ ಸಂಖ್ಯೆ 0.22ನೇ ಆವೃತ್ತಿಯಲ್ಲಿ 10ರಿಂದ 100ಕ್ಕೆ ಏರಿತು. ಸಂಖ್ಯೆ ಬರೆಯದೆ ಬಿಟ್ಟವರ ಕೋಡು ಒಂದಕ್ಷರವೂ ಬದಲಾಗದೆ ಬೇರೆ ಪ್ರಯೋಗವಾಯಿತು. ಬ್ಯಾಚ್ ನಾರ್ಮಲೈಸೇಶನ್ ಎಂಬ ಪದರದ ‘ಮೊಮೆಂಟಮ್’ ಪೈಟಾರ್ಚ್‌ನಲ್ಲಿ 0.1, ಕೆರಾಸ್‌ನಲ್ಲಿ 0.99. ಬೆಲೆಗಳಷ್ಟೇ ಬೇರೆಯಲ್ಲ, ಅರ್ಥವೂ ತಿರುವುಮುರುವು: ಒಂದರಲ್ಲಿ ಅದು ಹೊಸ ಮಾಹಿತಿಗೆ ಕೊಡುವ ಪಾಲು, ಇನ್ನೊಂದರಲ್ಲಿ ಹಳೆಯ ಸರಾಸರಿಗೆ ಕೊಡುವ ಪಾಲು. ಒಂದು ಕಡೆಯ ಸಂಖ್ಯೆಯನ್ನು ಹೆಸರು ನೋಡಿ ಇನ್ನೊಂದು ಕಡೆ ನೆಟ್ಟರೆ ಕೋಡು ಆಕ್ಷೇಪವಿಲ್ಲದೆ ಸ್ವೀಕರಿಸುತ್ತದೆ. ಕೋಡಿನಲ್ಲಿ ಹೆಸರೇ ಕಾಣಿಸದ ಸೆಟ್ಟಿಂಗುಗಳೂ ಇವೆ. ಎನ್‌ವಿಡಿಯಾದ ಕೆಲವು ಜಿಪಿಯುಗಳಲ್ಲಿ ಗುಣಾಕಾರದ ನಿಖರತೆಯನ್ನು ತಗ್ಗಿಸಿ ವೇಗ ಹೆಚ್ಚಿಸುವ ಟಿಎಫ್32 ಕ್ರಮ ಪೈಟಾರ್ಚ್‌ನ 1.7ರಿಂದ 1.11ರವರೆಗಿನ ಆವೃತ್ತಿಗಳಲ್ಲಿ ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ತಾನಾಗಿಯೇ ಚಾಲ್ತಿಯಲ್ಲಿತ್ತು, 1.12ರಿಂದ ಇಲ್ಲ.

ಕನ್ನಡಕ್ಕೆ ನೇರವಾಗಿ ತಟ್ಟುವ ಇನ್ನೊಂದು ಸಂಖ್ಯೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಹುಭಾಷಾ ಮಾದರಿಗೆ ತರಬೇತಿ ಕೊಡುವಾಗ ಯಾವ ಭಾಷೆಯ ಪಠ್ಯವನ್ನು ಎಷ್ಟು ಸಲ ತೋರಿಸಬೇಕೆಂದು ತೀರ್ಮಾನಿಸಲು ಪ್ರತಿ ಭಾಷೆಯ ಪಾಲನ್ನು ಒಂದು ಘಾತಾಂಕಕ್ಕೆ ಏರಿಸುತ್ತಾರೆ. ಇಂಗ್ಲಿಷಿನ ಪಠ್ಯ ಒಂದು ಸಣ್ಣ ಭಾಷೆಯ ಪಠ್ಯದ ನೂರು ಪಟ್ಟು ಇದೆ ಎಂದುಕೊಳ್ಳೋಣ. ಘಾತಾಂಕ 1 ಆದರೆ ಸಣ್ಣ ಭಾಷೆಯ ಒಂದು ವಾಕ್ಯಕ್ಕೆ ಇಂಗ್ಲಿಷಿನ ನೂರು ವಾಕ್ಯ. ಬಹುಭಾಷಾ ಬರ್ಟ್ ಬಳಸಿದ 0.7ರಲ್ಲಿ ಅದು ಸುಮಾರು 25. ಫೇಸ್‌ಬುಕ್ ಸಂಶೋಧಕರ 2019ರ ಎಕ್ಸ್‌ಎಲ್‌ಎಂ-ಆರ್ ಬಳಸಿದ 0.3ರಲ್ಲಿ ಸುಮಾರು 4. ಎರಡೂ ಮಾದರಿಗಳಲ್ಲಿ ಕನ್ನಡವಿದೆ. ಒಂದೊಂದರಲ್ಲೂ ಕನ್ನಡಕ್ಕೆ ಎಷ್ಟು ಗಮನ ಸಂದಿತು ಎಂಬುದನ್ನು ಈ ದಶಮಾಂಶ ಬಹುಮಟ್ಟಿಗೆ ಗೊತ್ತುಮಾಡಿದೆ. ಘಾತಾಂಕ ಇಳಿಸಿದಷ್ಟೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಇಳಿಸಿದರೆ ದೊಡ್ಡ ಭಾಷೆಗಳ ಗುಣಮಟ್ಟ ಕುಗ್ಗುತ್ತದೆ, ಸಣ್ಣ ಭಾಷೆಗಳ ಅದದೇ ಪಠ್ಯ ಮತ್ತೆಮತ್ತೆ ಬರುತ್ತದೆ. ಎಕ್ಸ್‌ಎಲ್‌ಎಂ-ಆರ್ ತಂಡ ಹಲವು ಬೆಲೆಗಳನ್ನು ಹೋಲಿಸಿಯೇ 0.3ಕ್ಕೆ ಬಂದದ್ದು. ಹಾಗೆಯೇ ಪಠ್ಯವನ್ನು ತುಣುಕು ಮಾಡುವ ಸೆಂಟೆನ್ಸ್‌ಪೀಸ್ ಉಪಕರಣದಲ್ಲಿ ಒಟ್ಟು ಅಕ್ಷರಬಳಕೆಯ ಎಷ್ಟು ಭಾಗವನ್ನು ಪದಕೋಶ ಒಳಗೊಳ್ಳಬೇಕೆಂಬ ಸೆಟ್ಟಿಂಗ್ ಇದೆ, ಅದರ ಡಿಫಾಲ್ಟು 0.9995. ಉಳಿದ ಎರಡು ಸಾವಿರಕ್ಕೊಂದು ಭಾಗ ಅತ್ಯಲ್ಪವೆನಿಸುತ್ತದೆ. ಬಹುಭಾಷಾ ಪಠ್ಯರಾಶಿಯಲ್ಲಿ ಹಳಗನ್ನಡದ ೞ, ಱ ಅಕ್ಷರಗಳು ಆ ಭಾಗಕ್ಕೆ ಸರಿದು ‘ಅಪರಿಚಿತ’ವೆಂಬ ಒಂದೇ ಗುರುತಾಗಿ ಬಿಡಬಹುದು. ಇಂಥ ಸಂಖ್ಯೆಗಳು ಭಾಷಾನೀತಿಯಷ್ಟೇ ಗಂಭೀರ. ನೀತಿಯ ಮೇಲೆ ಚರ್ಚೆಯಾದರೂ ನಡೆಯುತ್ತದೆ.

ಹಾಗಾದರೆ ನಿರ್ವಹಣೆ ಹೇಗಿರಬೇಕು? ಮೊದಲ ಕೆಲಸ, ಸಂಖ್ಯೆಗಳನ್ನು ಕೋಡಿನ ಸಂದುಗೊಂದುಗಳಿಂದ ಹೊರತೆಗೆದು ಒಂದೆಡೆ ಇಡುವುದು. ಇದನ್ನು ಎಲ್ಲರೂ ಒಪ್ಪುತ್ತಾರೆ, ಹೆಚ್ಚು ಹೇಳಬೇಕಿಲ್ಲ. ಆದರೆ ಹೊರತೆಗೆದ ಮಾತ್ರಕ್ಕೆ ಕೆಲಸ ಮುಗಿಯದು. ಹೆಚ್ಚಿನವರು ಬಳಸುವ ಯಾಮಲ್ ಕಡತಗಳಿಗೆ ತಮ್ಮದೇ ಬಲೆಗಳಿವೆ. ಪೈಥಾನ್‌ನ ಪೈಯಾಮಲ್ ಉಪಕರಣ 1e-3 ಎಂದು ಬರೆದ ಲರ್ನಿಂಗ್ ರೇಟನ್ನು ಸಂಖ್ಯೆಯೆಂದು ಓದುವುದಿಲ್ಲ, ಅಕ್ಷರಗಳ ಸರಣಿಯೆಂದು ಓದುತ್ತದೆ, 1.0e-3 ಎಂದು ಬರೆದರೆ ಮಾತ್ರ ಸಂಖ್ಯೆ. ಭಾಷೆಗಳ ಪಟ್ಟಿಯಲ್ಲಿ ನಾರ್ವೇಜಿಯನ್‌ನ ಸಂಕೇತವಾದ ‘ಎನ್‌ಒ’ ಬಂದರೆ ಅದನ್ನು ‘ಇಲ್ಲ’ ಎಂಬ ತಾರ್ಕಿಕ ಬೆಲೆಯಾಗಿ ಓದುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ಕಾಗುಣಿತದ ತಪ್ಪು. ಕಡತದಲ್ಲಿ ಬೆಲೆ ಇದ್ದರೆ ತೆಗೆದುಕೊ, ಇಲ್ಲದಿದ್ದರೆ ಸೊನ್ನೆ ಎಂದುಕೊ ಎಂಬ ಧಾಟಿಯಲ್ಲಿ ಬರೆದ ಕೋಡಿಗೆ ‘ವೆಯ್ಟ್ ಡಿಕೇ’ ಎಂಬ ಸೆಟ್ಟಿಂಗಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಆ ಸಾಲೇ ಇಲ್ಲವೆಂಬಂತೆ ಅದು ಮುಂದುವರಿಯುತ್ತದೆ. ಆದ್ದರಿಂದ ಪ್ರತಿ ಸೆಟ್ಟಿಂಗಿಗೂ ಪ್ರಕಾರವನ್ನೂ ಮಿತಿಯನ್ನೂ ಘೋಷಿಸಬೇಕು; ಘೋಷಿಸದ ಹೆಸರು ಕಂಡರೆ ತರಬೇತಿ ಶುರುವಾಗುವ ಮೊದಲೇ ಪ್ರೋಗ್ರಾಂ ನಿಲ್ಲಬೇಕು. ಪೈಡ್ಯಾಂಟಿಕ್‌ನಂಥ ಪರಿಶೀಲನಾ ಸಾಧನ ಕೂಡ ಹೆಚ್ಚುವರಿ ಹೆಸರುಗಳನ್ನು ತಾನಾಗಿ ತಡೆಯುವುದಿಲ್ಲ, ತಡೆ ಎಂದು ಕೇಳಿಕೊಳ್ಳಬೇಕು. ಫಲಿತಾಂಶವನ್ನು ಬದಲಿಸುವ ಸೆಟ್ಟಿಂಗುಗಳನ್ನೂ, ಕಡತ ಎಲ್ಲಿಡಬೇಕು ಎಂಬಂಥ ಬದಲಿಸದ ಸೆಟ್ಟಿಂಗುಗಳನ್ನೂ ಬೇರೆಬೇರೆ ಇಡಬೇಕು, ಇಲ್ಲದಿದ್ದರೆ ಎರಡು ಪ್ರಯೋಗಗಳ ನಡುವೆ ನಿಜವಾಗಿ ಏನು ಬದಲಾಯಿತೆಂದು ಕಾಣುವುದಿಲ್ಲ. ಗುಪ್ತಪದಗಳು ಇವೆರಡರಲ್ಲೂ ಇರಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಅಂತಿಮ ರೂಪದ ದಾಖಲೆ. ಮೂಲ ಕಡತದ ಮೇಲೆ ಇನ್ನೊಂದು ಕಡತ, ಅದರ ಮೇಲೆ ಆಜ್ಞೆಯ ಸಾಲಿನಲ್ಲಿ ಕೊಟ್ಟ ತಿದ್ದುಪಡಿ, ಎಲ್ಲದರ ಕೆಳಗೆ ಗ್ರಂಥಾಲಯದ ಡಿಫಾಲ್ಟು, ಹೀಗೆ ಪದರಪದರವಾಗಿ ಕೂಡಿ ಬಂದ ಬೆಲೆಗಳಲ್ಲಿ ಕೊನೆಗೆ ಯಾವುದು ಓಡಿತೋ ಅದನ್ನು ಫಲಿತಾಂಶದ ಜೊತೆಗೇ ಕಟ್ಟಿಡಬೇಕು. ನಮ್ಮ ನಾಡಿನ ದತ್ತಿ ಶಾಸನಗಳು ದಾನ ಕೊಟ್ಟವರು, ಪಡೆದವರು, ತಿಥಿ, ಭೂಮಿಯ ಸುತ್ತಣ ಎಲ್ಲೆ, ಸಾಕ್ಷಿಗಳು ಇವನ್ನೆಲ್ಲ ಒಂದೇ ಕಲ್ಲಿನಲ್ಲಿ ಕೆತ್ತಿದಂತೆ, ಮಾದರಿಯ ಜೊತೆಗೆ ಅದರ ಸೆಟ್ಟಿಂಗುಗಳು, ಕೋಡಿನ ಆವೃತ್ತಿ, ದತ್ತಾಂಶದ ಆವೃತ್ತಿ, ಗ್ರಂಥಾಲಯಗಳ ಆವೃತ್ತಿ ಒಟ್ಟಿಗೆ ಉಳಿಯಬೇಕು. 2019ರಲ್ಲಿ ಫೇಸ್‌ಬುಕ್‌ನಿಂದ ಬಂದ ಹೈಡ್ರಾ ಎಂಬ ಉಪಕರಣ, ಕೂಡಿಸಿದ ಕಾನ್ಫಿಗರೇಶನ್ನನ್ನು ಪ್ರತಿ ಓಟದ ಜೊತೆಗೂ ತಾನಾಗಿ ಬರೆದಿಡುತ್ತದೆ. 2018ರ ಎಂಎಲ್‌ಫ್ಲೋ ಉಪಕರಣ ಓಟಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಅನುವುಮಾಡುತ್ತದೆ. ದಾಖಲೆಗೆ ಕಾಲದ ಆಯಾಮವೂ ಬೇಕು. ಮೆಟಾ ಸಂಸ್ಥೆ 2022ರಲ್ಲಿ ಒಪಿಟಿ-175ಬಿ ಮಾದರಿಯನ್ನು ಪ್ರಕಟಿಸುವಾಗ ತರಬೇತಿಯ ದಿನಚರಿಯನ್ನೂ ಹೊರಗಿಟ್ಟಿತು. ಎರಡು ತಿಂಗಳಲ್ಲಿ ಯಂತ್ರಗಳು ಕೆಟ್ಟದ್ದರಿಂದಲೇ ಕನಿಷ್ಠ 35 ಸಲ ಕೈಯಿಂದ ಮರುಪ್ರಾರಂಭ ಮಾಡಬೇಕಾಯಿತು. ನಡುವೆ ಲರ್ನಿಂಗ್ ರೇಟನ್ನು ತಗ್ಗಿಸಲಾಯಿತು, ಗ್ರೇಡಿಯಂಟ್‌ನ ಮಿತಿಯನ್ನು 1.0ರಿಂದ 0.3ಕ್ಕೆ ಇಳಿಸಲಾಯಿತು, ಆಪ್ಟಿಮೈಸರ್ ಬದಲಿಸಿ ನೋಡಿ ಮತ್ತೆ ಹಳೆಯದಕ್ಕೇ ಮರಳಲಾಯಿತು. ಆ ಮಾದರಿಗೆ ಒಂದು ಕಾನ್ಫಿಗರೇಶನ್ ಇಲ್ಲ, ಕಾನ್ಫಿಗರೇಶನ್ನಿನ ಇತಿಹಾಸವಿದೆ. ಆ ಇತಿಹಾಸವನ್ನು ಮುಚ್ಚಿಡದೆ ಕೊಟ್ಟದ್ದು ಬಹಳ ದೊಡ್ಡ ಕೆಲಸ.

ಈಗ ಆಕ್ಷೇಪಗಳು. ಸಂಶೋಧನೆಗೆ ವೇಗ ಬೇಕು, ಇಷ್ಟೆಲ್ಲ ಕಟ್ಟುಪಾಡು ಹೊರೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪದರಗಳು ಮಿತಿಮೀರಿದ ಕಾನ್ಫಿಗರೇಶನ್ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಎಲ್ಲಿಂದ ಬಂತೆಂದು ಹುಡುಕುವುದೇ ದಿನದ ಕೆಲಸವಾಗಬಹುದು. ಆಂಡ್ರೇ ಕಾರ್ಪಥಿಯವರ ನ್ಯಾನೋಜಿಪಿಟಿಯಲ್ಲಿ ಸೆಟ್ಟಿಂಗುಗಳು ತರಬೇತಿ ಕಡತದ ತಲೆಯಲ್ಲೇ ಸಾದಾ ಪೈಥಾನ್ ಸಾಲುಗಳಾಗಿವೆ, ಓದುವವರಿಗೆ ಒಂದೇ ನೋಟಕ್ಕೆ ಸಿಗುತ್ತವೆ. ಒಬ್ಬರ ಸಣ್ಣ ಪ್ರಯೋಗಕ್ಕೆ ಅದೇ ಸರಿ. ಓಡಿದ ಬೆಲೆಗಳು ಫಲಿತಾಂಶದ ಜೊತೆ ಉಳಿದರೆ ಸಾಕು. ಉಪಕರಣ ಯಾವುದೆಂಬುದು ನನ್ನ ವಾದವಲ್ಲ. ಗೂಗಲ್‌ನ ವಿಝಿಯರ್, 2019ರ ಆಪ್ಟೂನಾ ಮುಂತಾದವು ಸೆಟ್ಟಿಂಗುಗಳನ್ನು ತಾವೇ ಹುಡುಕುವಾಗ ಮನುಷ್ಯರಿಗೆ ಈ ಚಿಂತೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಹುಡುಕಾಟಕ್ಕೂ ಎಲ್ಲೆ ಬೇಕು: ಯಾವ ಸೆಟ್ಟಿಂಗ್, ಯಾವ ವ್ಯಾಪ್ತಿ, ಎಷ್ಟು ಪ್ರಯತ್ನ. ತನ್ನ ವಿಧಾನಕ್ಕೆ ಸಾವಿರ ಪ್ರಯತ್ನ ಕೊಟ್ಟು ಎದುರಾಳಿಯ ವಿಧಾನವನ್ನು ಡಿಫಾಲ್ಟಿನಲ್ಲೇ ಬಿಟ್ಟ ಹೋಲಿಕೆ ನ್ಯಾಯವಲ್ಲ. ನ್ಯೂರಿಪ್ಸ್ ಸಮ್ಮೇಳನ 2019ರಿಂದ ಲೇಖಕರ ಮುಂದಿಡುತ್ತಿರುವ ಪರಿಶೀಲನಾ ಪಟ್ಟಿ, ಹೈಪರ್‌ಪ್ಯಾರಾಮೀಟರುಗಳನ್ನು, ಅಂದರೆ ತರಬೇತಿಯ ಸೆಟ್ಟಿಂಗುಗಳನ್ನು, ಹೇಗೆ ಆರಿಸಿದಿರೆಂದೂ ಕೇಳುವುದು ಅದಕ್ಕೇ.

ಎಲ್ಲವನ್ನೂ ಬರೆದಿಟ್ಟರೂ ಅದೇ ಫಲಿತಾಂಶ ಮತ್ತೆ ಬಾರದು, ಹಾಗಿರುವಾಗ ಬರೆದು ಏನು ಫಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಜಿಪಿಯುಗಳಲ್ಲಿ ಸಂಖ್ಯೆಗಳನ್ನು ಕೂಡುವ ಕ್ರಮ ಓಟದಿಂದ ಓಟಕ್ಕೆ ಬದಲಾಗಬಹುದು. ದಶಮಾಂಶ ಸಂಖ್ಯೆಗಳ ಯಂತ್ರ ಸಂಕಲನದಲ್ಲಿ ಕ್ರಮ ಬದಲಾದರೆ ಉತ್ತರವೂ ತುಸು ಬದಲಾಗುತ್ತದೆ. ಪೀಟರ್ ಹೆಂಡರ್ಸನ್ ಮತ್ತು ಸಂಗಡಿಗರು 2018ರಲ್ಲಿ ಒಂದೇ ವಿಧಾನವನ್ನು ಒಂದೇ ಸೆಟ್ಟಿಂಗುಗಳಿಂದ, ಸೀಡ್ ಮಾತ್ರ ಬದಲಿಸಿ 10 ಸಲ ಓಡಿಸಿ, ಐದೈದರ ಎರಡು ಗುಂಪು ಮಾಡಿ ಸರಾಸರಿ ತೆಗೆದರು. ಆ ಎರಡು ಗುಂಪುಗಳು ಎರಡು ಬೇರೆ ವಿಧಾನಗಳೇನೋ ಎನ್ನುವಷ್ಟು ದೂರ ನಿಂತವು. ಆದರೆ ಈ ಪ್ರಯೋಗ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ಬಲ ಕೊಡುತ್ತದೆ. ಬಾಕಿ ಎಲ್ಲ ಬೆಲೆಗಳನ್ನೂ ಬಿಗಿಯಾಗಿ ಹಿಡಿದಿದ್ದರಿಂದಲೇ ಉಳಿದ ಅಲುಗಾಟ ಸೀಡ್‌ನದೆಂದು ಅವರಿಗೆ ಹೇಳಲು ಬಂತು. ಅಕ್ಷರಶಃ ಅದೇ ಅಂಕಿ ಮರಳಿ ಬರಬೇಕೆಂದು ನಾನು ಕೇಳುತ್ತಿಲ್ಲ; ಅಂಕಿ ಏಕೆ ಬದಲಾಯಿತೆಂದು ವಿಚಾರಿಸಲು ದಾರಿ ಇರಬೇಕೆಂದು ಕೇಳುತ್ತಿದ್ದೇನೆ.

ಕೊನೆಯ ಆಕ್ಷೇಪ ವ್ಯಾಪಾರದ್ದು: ಸೆಟ್ಟಿಂಗುಗಳೇ ಅಷ್ಟು ಬೆಲೆಬಾಳುವುದಾದರೆ ಅವನ್ನು ಗುಟ್ಟಾಗಿಡುವುದು ಸಹಜವಲ್ಲವೆ? 2023ರ ಜಿಪಿಟಿ-4 ವರದಿ ಸ್ಪರ್ಧೆ ಮತ್ತು ಸುರಕ್ಷತೆಯ ಕಾರಣ ಕೊಟ್ಟು ಗಾತ್ರ, ದತ್ತಾಂಶ, ತರಬೇತಿಯ ಕ್ರಮ ಯಾವುದನ್ನೂ ಹೇಳಲಿಲ್ಲ. ಖಾಸಗಿ ಬಂಡವಾಳದ ಗುಟ್ಟನ್ನು ಬಿಡಿಸುವ ಅಧಿಕಾರ ನಮಗಿಲ್ಲ. ಆದರೆ ಅಂಥ ಮಾದರಿಯ ಬಗೆಗಿನ ಮಾತನ್ನು ಉತ್ಪನ್ನದ ವಿವರಣೆಯೆಂದು ಓದಬೇಕು, ವಿಜ್ಞಾನದ ಫಲಿತಾಂಶವೆಂದಲ್ಲ. ಸಾರ್ವಜನಿಕ ಹಣದಿಂದ ಕನ್ನಡಕ್ಕೂ ಭಾರತದ ಇತರ ಭಾಷೆಗಳಿಗೂ ತಯಾರಾಗುವ ಮಾದರಿಗಳಿಗೆ ಆ ಸವಲತ್ತು ಸಲ್ಲದು. ಪಠ್ಯವನ್ನು ಶುಚಿಗೊಳಿಸಿದ ನಿಯಮ, ಭಾಷೆಗಳ ಪಾಲು ನಿರ್ಧರಿಸಿದ ಘಾತಾಂಕ, ಪದಕೋಶದ ವ್ಯಾಪ್ತಿ, ತರಬೇತಿಯ ನಡುವೆ ಬದಲಾದ ಬೆಲೆಗಳು ಮತ್ತು ಬದಲಿಸಿದ ಕಾರಣ, ಇವು ಮಾದರಿಯ ಜೊತೆಗೇ ಹೊರಬರಬೇಕೆಂದು ಅನುದಾನದ ಷರತ್ತಿನಲ್ಲೇ ಬರೆಯಬಹುದು. ಮಾದರಿ ಕಲಿತ ಸಂಖ್ಯೆಗಳು ಗಿಗಾಬೈಟ್‌ಗಟ್ಟಲೆ ಇರುತ್ತವೆ. ಸೆಟ್ಟಿಂಗುಗಳ ಈ ಕಡತ ಕೆಲವು ಕಿಲೋಬೈಟ್‌ಗಳನ್ನು ಮೀರುವುದಿಲ್ಲ.